ಥೇಟ್ ಯಂಕೋಬ

ಜಗನ್ನಾಥ ಮಾಸ್ತರರಿಗೆ ಒಂದು ಚಟವಿತ್ತು. ಬೀಡಿಯದೋ ಇಸ್ಪೀಟಿನದೋ ಆಗಿದ್ದರೆ ಮನೆಯವರು ಬೈದು ಬಿಡಿಸುತ್ತಿದ್ದರು. ಇದು ಹೋಲಿಸುವ ಚಟ. ಮೈದಾನಕ್ಕೆ ಹೊಸ ಹುಡುಗಿ ಬಂದು, ಹಾಕಿ ಸ್ಟಿಕ್ ಹಿಡಿದು ನಾಲ್ಕು ಹೆಜ್ಜೆ ಓಡಿದಳೋ ಇಲ್ಲವೋ, ಮಾಸ್ತರರು ಕಣ್ಣು ಕಿರಿದು ಮಾಡಿ, ರಾಯಚೂರಿನ ಹಳೆಯ ತಂಡದಲ್ಲಿ ಆಡಿ ಹೋದ ಯಾವನನ್ನೋ ನೆನಪಿನಿಂದ ಎಳೆದು ತಂದು ಅವಳ ಪಕ್ಕಕ್ಕೆ ನಿಲ್ಲಿಸಿಬಿಡುತ್ತಿದ್ದರು. “ಥೇಟ್ ವಿನೋದ ನೋಡ್ರಿ!” ಎಂದರೆ ಮುಗಿಯಿತು, ಅಂದಿನಿಂದ ಆ ಹುಡುಗಿ ಮೈದಾನದಲ್ಲಿ ವಿನೋದ. ಮೀಸೆ ಹೊತ್ತ ಗಂಡಸರ ಹೆಸರಿಗೆ ಹುಡುಗಿಯರು ಮೊದಮೊದಲು ಮುಖ ಮುಚ್ಚಿಕೊಂಡು ನಗುತ್ತಿದ್ದರು. ಆಮೇಲೆ ಅದೇ ಹೆಸರಿಗಾಗಿ ಕಾಯುತ್ತಿದ್ದರು, ಯಾಕೆಂದರೆ ಹೆಸರು ಸಿಗದವಳು ತಂಡದಲ್ಲಿ ಉಳಿದದ್ದೇ ಇಲ್ಲ.

ಈ ಚಟ ಅವರಿಗೆ ರಕ್ತದಲ್ಲೇ ಬಂದದ್ದು. ತಂದೆ ಮಠದಲ್ಲಿ ಪುರಾಣ ಹೇಳುತ್ತಿದ್ದವರು. ದೃಷ್ಟಾಂತ ಕೊಡದೆ ಅವರ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಮಗನಿಗೆ ಶ್ಲೋಕ ಹತ್ತಲಿಲ್ಲ, ಮಡಿ ಹತ್ತಲಿಲ್ಲ, ದೃಷ್ಟಾಂತ ಮಾತ್ರ ಹತ್ತಿತು. ಪಿ.ಟಿ. ಮಾಸ್ತರನಾಗಿ ಸರಕಾರಿ ಶಾಲೆ ಸೇರಿ, ಸಂಜೆ ಹುಡುಗಿಯರಿಗೆ ಹಾಕಿ ಕಲಿಸಲು ನಿಂತಾಗ ಅದು ಹೊರಗೆ ಬಂತು. ಮೈದಾನದ ಗೇಟಿನ ಚಹಾದಂಗಡಿಯಲ್ಲಿ ಕೂಡುವ ಹಳೆಯ ಆಟಗಾರರೂ ಇದಕ್ಕೆ ತಾಳ ಹಾಕುವವರೇ. ಈಗಿನ ಡಿಫೆನ್ಸಿನ ಜೋಡಿ ಹೆಚ್ಚೋ, ಆಗಿನ ಯಂಕೋಬ-ವಿನೋದರ ಜೋಡಿ ಹೆಚ್ಚೋ ಎಂದು ಅವರು ಕಪ್ಪಿನ ಚಹಾ ಆರುವವರೆಗೆ ಜಗಳ ಆಡುತ್ತಿದ್ದರು.

ಈಗಿನ ಜೋಡಿ ಎಂದರೆ ಗುಲ್ಫಶಾ ಮತ್ತು ಮಹತಿ. ಮಹತಿ ಮಾನ್ವಿಯ ಹುಡುಗಿ. ವಾರಕ್ಕೆರಡು ದಿನ ಬಸ್ಸಿನಲ್ಲಿ ಬಂದು, ಆಟ ಮುಗಿದ ಕೂಡಲೇ ಮಾಸ್ತರರ ಕಥೆ ಅರ್ಧಕ್ಕೇ ಬಿಟ್ಟು ಮಾನ್ವಿ ಬಸ್ಸಿಗೆ ಓಡುತ್ತಿದ್ದಳು. ಆಕೆ ವಿನೋದ. ಗುಲ್ಫಶಾ ಹಾಗಲ್ಲ. ತೀನ್ ಕಂದೀಲ್ ಚೌಕದ ಹತ್ತಿರ ಬಳೆ ಅಂಗಡಿ ಇಟ್ಟ ಮುನವ್ವರ್ ಬೀಯ ಮಗಳು, ಕೂಗಳತೆಯಲ್ಲೇ ಮನೆ. ಹಾಗಾಗಿ ಮಾಸ್ತರರ ಕಥೆಗಳನ್ನೆಲ್ಲ ಕೊನೆಯವರೆಗೆ ಕೇಳಿದವಳು ಅವಳೊಬ್ಬಳೇ. ಅವಳು ಯಂಕೋಬ.

ಯಂಕೋಬ ಅಂದರೆ ಯಾರೋ ಎಂತೋ ಅಲ್ಲ. ಮೂವತ್ತು ವರ್ಷದ ಹಿಂದೆ ಒಂದು ಫೈನಲ್‌ನಲ್ಲಿ, ಆಟ ಮುಗಿಯಲು ಇನ್ನೇನು ಸೀಟಿ ಊದಬೇಕು ಅನ್ನುವಾಗ, ಎದುರು ತಂಡದ ಫಾರ್ವರ್ಡ್ ಒಬ್ಬ ಚೆಂಡು ತೆಗೆದುಕೊಂಡು ಗೋಲಿನ ಮುಂದಕ್ಕೇ ಬಂದುಬಿಟ್ಟಿದ್ದ. ಯಂಕೋಬ ಅವನನ್ನು ಹತ್ತಿರಕ್ಕೆ, ತೀರಾ ಹತ್ತಿರಕ್ಕೆ ಬರಗೊಟ್ಟು, ಮೈ ಉದ್ದಕ್ಕೂ ನೆಲಕ್ಕೆ ಬಿದ್ದು ಸ್ಟಿಕ್ಕನ್ನು ಅಡ್ಡ ಮಲಗಿಸಿದ. ಚೆಂಡು ನಿಂತಿತು, ಫಾರ್ವರ್ಡ್ ಹಾರಿ ಬಿದ್ದ, ರಾಯಚೂರು ಗೆದ್ದಿತು. ಹೀಗೆ ಬಿದ್ದು ಸ್ಟಿಕ್ ಮಲಗಿಸುವುದಕ್ಕೆ ಅಂದಿನಿಂದ ಈ ಮೈದಾನದಲ್ಲಿ ‘ಚಾಪೆ ಹಾಸುವುದು’ ಎಂದೇ ಹೆಸರು. ಆ ದಿನ ಹೆಚ್ಚುವರಿ ಆಟಗಾರನಾಗಿ ಬೆಂಚಿನ ಮೇಲೆ ಕೂತಿದ್ದ ಜಗನ್ನಾಥರು ಅದನ್ನು ಎಷ್ಟು ಸಲ ಹೇಳಿದ್ದರೆಂದರೆ, ಚಾಪೆ ತಾವೇ ಹಾಸಿದಷ್ಟು ಅಭಿಮಾನ ಅವರಿಗೆ ಬಂದುಬಿಟ್ಟಿತ್ತು.

ಆ ವರ್ಷ ಕ್ರೀಡಾ ಹಾಸ್ಟೆಲಿನ ಆಯ್ಕೆ ರಾಯಚೂರಿನಲ್ಲೇ ಇಟ್ಟರು. ಡಿಫೆನ್ಸಿಗೆ ಉಳಿದದ್ದು ಒಂದೇ ಸೀಟು. ಗುಲ್ಫಶಾಳಿಗೆ ವಯಸ್ಸಿನ ಮಿತಿ ದಾಟಲು ತಿಂಗಳಷ್ಟೇ ಬಾಕಿ. ಮುಂದಿನ ವರ್ಷ ಎಂಬುದು ಅವಳಿಗಿಲ್ಲ. ರಾಯಚೂರಿನಲ್ಲಿ ಶಾಲೆ ಬಿಟ್ಟ ಹುಡುಗಿಯರಿಗೆ ಹಾಕಿ ತಂಡವೂ ಇಲ್ಲ. ಸೀಟು ಸಿಕ್ಕರೆ ಆಟ, ಸಿಗದಿದ್ದರೆ ಆಟ ಅಲ್ಲಿಗೆ ಮುಗಿಯಿತು. ಮಾಸ್ತರರೂ ಆ ಮೇ ತಿಂಗಳಿಗೆ ನಿವೃತ್ತರಾಗುವವರು. ಇಷ್ಟು ವರ್ಷ ಸೀಟಿ ಊದಿ ಒಬ್ಬಳನ್ನೂ ಹಾಸ್ಟೆಲಿಗೆ ಕಳಿಸಲಾಗದೆ ಮನೆಗೆ ಹೋಗುತ್ತೇನಲ್ಲ ಎಂಬ ಸಂಕಟ ಅವರನ್ನು ಅನ್ನ ಉಣ್ಣಗೊಡುತ್ತಿರಲಿಲ್ಲ. ಇದೊಂದು ಹುಡುಗಿ ಹೋಗಲಿ ಸ್ವಾಮೀ ಎಂದು ರಾಯರಿಗೆ ಹರಕೆ ಹೊತ್ತಿದ್ದರು.

ಆಯ್ಕೆ ಮಾಡಲು ಬಂದವರು ಹುಬ್ಬಳ್ಳಿ ಕಡೆಯ ನಿಂಗರಾಜ. ನರೆತ ತಲೆ, ಮಾತು ಕಡಿಮೆ, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಮೊದಲ ದಿನ ಬೆಳಿಗ್ಗೆ ಅವರ ಕೈಗೆ ಚಹಾ ಕೊಟ್ಟು ಮಾಸ್ತರರು ಹತ್ತಿರ ಸರಿದರು.

“ಸರ್, ಒಬ್ಬಾಕಿ ಇದ್ದಾಳ್ರೀ, ಫುಲ್‌ಬ್ಯಾಕು. ಥೇಟ್ ಯಂಕೋಬ!”

“ಯಾವ ಯಂಕೋಬ?”

“ನಮ್ಮ ದೇವದುರ್ಗದ ಯಂಕೋಬ್ರೀ. ಆ ಫೈನಲ್‌ನಾಗ ಚಾಪಿ ಹಾಸಿ ಗೋಲ್ ಉಳಿಸಿದ್ನಲ್ರೀ! ಎದುರಿನವ ಎರಡು ಪಲ್ಟಿ ಹೊಡದು ಹೋಗಿ ಬಿದ್ದಾ!”

ನಿಂಗರಾಜ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟರು.

“ಎರಡಲ್ರಿ ಮಾಸ್ತರ, ಒಂದ ಪಲ್ಟಿ. ಎರಡನೇದು ಹೊಡಿಯಾಕ ಮೊಣಕಾಲು ಉಳಿದಿರಲಿಲ್ಲ.”

ಮಾಸ್ತರರ ಕಣ್ಣು ಆ ಎಡಗಾಲಿಗೆ ಹೋಯಿತು. ಮೂವತ್ತು ವರ್ಷ ಈ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ ಊರು, ಬಿದ್ದವನು ಯಾರು, ಎದ್ದನೋ ಇಲ್ಲವೋ ಎಂದು ಒಂದು ಸಲವೂ ಕೇಳಿರಲಿಲ್ಲ. ಬಿದ್ದವನು ಈಗ ಎದುರಿಗೇ ನಿಂತಿದ್ದ, ಹಾಸ್ಟೆಲಿನ ಸೀಟು ಅವನ ಕೈಯಲ್ಲೇ ಇತ್ತು.

ಓಡಿ ಹೋಗಿ ಗುಲ್ಫಶಾಳಿಗೆ, ಇವತ್ತೊಂದು ದಿನ ಚಾಪೆ ಹಾಸಬೇಡ ಎಂದು ಹೇಳಬೇಕೆನ್ನುವಷ್ಟರಲ್ಲಿ ಆಟ ಶುರುವಾಗಿಬಿಟ್ಟಿತು. ಲಿಂಗಸೂರಿನ ಒಬ್ಬ ಹುಡುಗಿ ಚೆಂಡು ತಂದಳು. ಗುಲ್ಫಶಾ ನಿಂತಳು, ಕಾದಳು, ತೀರಾ ಹತ್ತಿರ ಬಂದ ಮೇಲೆ ಧೊಪ್ಪನೆ ಬಿದ್ದು ಸ್ಟಿಕ್ ಮಲಗಿಸಿದಳು. ಲಿಂಗಸೂರಿನವಳು ಮುಗ್ಗರಿಸಿ ಮೊಣಕೈ ತರಚಿಕೊಂಡಳು. ಚಹಾದಂಗಡಿಯವರು “ಭೇಷ್ ಯಂಕೋಬಾ!” ಎಂದು ಶಿಳ್ಳೆ ಹೊಡೆದರು. ಅಭಿಮಾನದಿಂದ ಶಿಳ್ಳೆ ಹೊಡೆದು ಹುಡುಗಿಯ ಕುತ್ತಿಗೆ ಕೊಯ್ಯುವುದು ಹೇಗೆಂದು ಇವರಿಂದ ಕಲಿಯಬೇಕು.

ನಿಂಗರಾಜ ಸೀಟಿ ಊದಿ ಅವಳನ್ನು ಹೊರಗೆ ಕರೆದರು. ಬೈಯಲಿಲ್ಲ. ಮಾಸ್ತರರ ಕಡೆ ತಿರುಗಿ ಹೇಳಿದರು: “ನನಗ ಹಳೇ ಸಿಟ್ಟು ಅದು ಇದು ಏನಿಲ್ರಿ. ಆದ್ರ ಇದು ಆಟಲ್ಲ, ಕಾಲು ಮುರಿಯೂ ಕೆಲಸ. ಈಗಿನ ಅಂಪಾಯರ್ ಹೊರಗ ಹಾಕ್ತಾರ. ನಾಳಿ ಮುಂಜಾನಿ ಕಡೀ ಮ್ಯಾಚ್ ಐತಿ. ಯಂಕೋಬನ ಆಟ ನಾ ನೋಡೇನಿ, ಆಕಿ ಆಟ ತೋರಸ್ರಿ. ಇನ್ನೊಂದ ಸಲ ಸ್ಟಿಕ್ ಮಲಗಿಸಿದ್ರ ಮುಗೀತು.”

ಹೆದರಿದ ಮನುಷ್ಯನಿಗೆ ದಾರಿಗಳು ಹೊಳೆಯುವುದೇ ಹೀಗೆ: ಮಾಸ್ತರರಿಗೆ ಆ ಕ್ಷಣಕ್ಕೆ ಕಂಡದ್ದು ಒಂದೇ ದಾರಿ, ದೇವದುರ್ಗ. ಯಂಕೋಬನನ್ನು ಕರೆತಂದು ನಿಂಗರಾಜರ ಕಾಲಿಗೆ ಬೀಳಿಸಿದರೆ ಎಲ್ಲ ಸರಿಹೋಗುತ್ತದೆ. ಹುಡುಗಿಯೂ ಜೊತೆಗಿದ್ದರೆ ಯಂಕೋಬನ ಮನಸ್ಸು ಕರಗುತ್ತದೆ. ಮುನವ್ವರ್ ಬೀ ಅಂಗಡಿಗೆ ಬೀಗ ಹಾಕಿ ಮಗಳ ಜೊತೆ ತಾನೂ ಬಸ್ಸು ಹತ್ತಿದಳು. ಬಸ್ಸು ಗಬ್ಬೂರು ದಾಟಿದ ಮೇಲೆ ಕೇಳಿದಳು.

“ಮಾಸ್ಟರ್ ಸಾಬ್, ಕಾಲು ಮುರಿದಾಂವ ಯಂಕೋಬ, ಮುರಿಸ್ಕೊಂಡಾಂವ ಆ ಸಾಹೇಬ. ನಡುವ ನನ್ ಬೇಟಿ ಯಾಕ್ರೀ ಮಾಫಿ ಕೇಳಾಕ ಬಸ್ಸಿನಾಗ ಕುಂತಾಳ?”

ಮಾಸ್ತರರು ಕಿಟಕಿಯ ಹೊರಗೆ ನೋಡಿದರು.

ಯಂಕೋಬ ಈಗ ದೇವದುರ್ಗದಲ್ಲಿ ಗೊಬ್ಬರದ ಅಂಗಡಿಯ ಸಾಹುಕಾರ. ಹೊಟ್ಟೆ ಬಂದಿತ್ತು, ಮೀಸೆಗೆ ಬಣ್ಣ ಹಚ್ಚಿದ್ದ. ಗೆಳೆಯನನ್ನು ಕಂಡು ಕುರ್ಚಿಯಿಂದ ಎದ್ದೇ ಬಂದ. “ಏ ಜಗ್ಗ್ಯಾ! ಈಕಿನೇನಲೇ ನನ್ನ ಹೆಸರಿನಾಕಿ?” ಎಂದು ಖುಷಿಪಟ್ಟು ಮೂವರಿಗೂ ತಂಪು ಪಾನೀಯ ತರಿಸಿದ. ಮಾಸ್ತರರು ಎಲ್ಲ ಹೇಳಿ ಕೈ ಹಿಡಿದುಕೊಂಡರು.

“ಬಾರೋ ಯಂಕೋಬ. ಒಂದ ಮಾತು, ತಪ್ಪಾತು ಅಂತ ಅಂದುಬಿಡು. ಹುಡುಗಿ ಬಾಳಿನ ಪ್ರಶ್ನೆ ಅದ.”

ಯಂಕೋಬ ಮೀಸೆ ಸವರಿಕೊಂಡ. “ಬರ್ತೀನಲೇ, ಬರಾಕ ಏನು. ಆದ್ರ ನನ್ನ ಮಾರಿ ನೋಡಿದ್ರ ಅವಗ ಕಾಲು ನೆನಪಾಗ್ತದ, ಈಕಿ ಕೆಲಸ ಇನ್ನೂ ಕೆಡತದ. ಆಟ ಆಡಿದ್ರನ ಸೀಟು ಕೊಡ್ತೀನಿ ಅಂದಾನಲ್ಲ, ಆಡಸು ಮತ್ತ.” ಹೀಗೆಂದವನು ಗುಲ್ಫಶಾಳ ಕಡೆ ತಿರುಗಿದ. “ಯವ್ವಾ, ನೀ ಓಡೋದ್ರಾಗ ನಿಧಾನ ಏನು?”

“ಇಲ್ರೀ.”

“ಹಂಗಾರ ಚಾಪಿ ಯಾಕ ಹಾಸ್ತಿ?”

ಮಾಸ್ತರರೂ ಮುನವ್ವರ್ ಬೀಯೂ ಅವನ ಮುಖ ನೋಡಿದರು. ಯಂಕೋಬ ನಾಚಿಕೆಯಿಲ್ಲದೆ ನಕ್ಕ. “ನಾ ಮೊದಲಿಂದ ನಿಧಾನಲೇ ಜಗ್ಗ್ಯಾ, ನಿನಗ ಗೊತ್ತಿಲ್ಲೇನು? ವಿನೋದ ಮುಂದ ಹೋಗಿ ಚೆಂಡು ಕಸೀತಿದ್ದ. ನನಗ ಅವನ ಜೋಡಿ ಓಡಾಕ ಆಗ್ತಿರಲಿಲ್ಲ. ಆವತ್ತು ತಡಾ ಆಗಿತ್ತು, ಬ್ಯಾರೆ ದಾರಿ ಇರಲಿಲ್ಲ, ಬಿದ್ದೆ. ನೀವು ಅದಕ್ಕ ಹೆಸರಿಟ್ಟು ಕುಂತೀರಿ.”

“ಕಡೀ ತನಕಾ ಕಾಯ್ತಿದ್ದಾ ಅಂತ...” ಎಂದು ತೊದಲಿದರು ಮಾಸ್ತರರು.

“ಕಾದಿಲ್ಲೋ ಮಾರಾಯ! ಚೆಂಡಿನ ತನಕ ಹೋಗಿ ಮುಟ್ಟಲಿಲ್ಲ!”

ಆಗ ಗುಲ್ಫಶಾ ಕೈಯಲ್ಲಿದ್ದ ಬಾಟಲಿಯನ್ನು ನೋಡುತ್ತ, ಮೆಲ್ಲಗೆ ಹೇಳಿದಳು: “ನಾ ಮುಟ್ಟತೀನ್ರೀ ಸರ್. ಮೊದಲೇ ಮುಟ್ಟತೀನಿ. ನೀವು ಯಂಕೋಬ ಕಾಯ್ತಿದ್ದಾ ಅಂತ ಹೇಳಿದ್ರಿ. ಅದಕ್ಕ ನಾನೂ ನಿಂತು ಕಾಯ್ತೀನ್ರೀ. ತಡಾ ಆಗಲಿ ಅಂತ.”

ಆರು ವರ್ಷದಿಂದ ಈ ಹುಡುಗಿ ಓಡಬಲ್ಲ ಕಾಲನ್ನು ಕಟ್ಟಿಹಾಕಿ, ಒಬ್ಬ ನಿಧಾನಸ್ಥನ ಹಾಗೆ ತಡವಾಗುವುದನ್ನು ಅಭ್ಯಾಸ ಮಾಡಿದ್ದಳು. ಮಾಸ್ತರರು ದಿನಾಲೂ ಪಕ್ಕದಲ್ಲೇ ನಿಂತು ಭೇಷ್ ಎಂದಿದ್ದರು. ಅವಳು ವೇಗದವಳೋ ನಿಧಾನದವಳೋ ಎಂಬಷ್ಟೂ ಅವರಿಗೆ ಗೊತ್ತಿರಲಿಲ್ಲ. ನೋಡಿದ್ದರೆ ತಾನೆ ಗೊತ್ತಾಗುವುದು! ಅವರು ನೋಡುತ್ತಿದ್ದದ್ದು ಯಂಕೋಬನನ್ನು.

ಹಿಂತಿರುಗುವ ಬಸ್ಸಿನಲ್ಲಿ ಗುಲ್ಫಶಾ ಮುಂದಿನ ಸೀಟಿನಿಂದ ತಿರುಗಿ ಕೇಳಿದಳು. “ಸರ್, ನಾಳಿ ನನ್ನ ಆಟ ಆಡು ಅಂದಾರಲ್ರೀ ಅವರು. ನನ್ನ ಆಟ ಯಾವ್ದ್ರೀ?”

“ಓಡವ್ವಾ. ನಿನಗ ತಿಳದಂಗ ಓಡು” ಎಂದರು ಮಾಸ್ತರರು. ಆ ಮಾತು ಅವರ ಕಿವಿಗೇ ಪೊಳ್ಳಾಗಿ ಕೇಳಿಸಿತು. ಒಂದು ದೃಷ್ಟಾಂತ ಕೊಟ್ಟರೆ ಹುಡುಗಿಗೆ ಧೈರ್ಯ ಬರುತ್ತದೆಂದು ಬಾಯಿ ತುದಿಗೆ ವಿನೋದನ ಹೆಸರು ಬಂತು. ನಾಲಿಗೆ ಕಚ್ಚಿಕೊಂಡು ತಡೆದರು.

ಮರುದಿನ ಬೆಳಿಗ್ಗೆ ಕೊನೆಯ ಮ್ಯಾಚು. ಒಂದು ತಂಡದ ಡಿಫೆನ್ಸಿನಲ್ಲಿ ಮಹತಿ, ಎದುರು ತಂಡದ ಡಿಫೆನ್ಸಿನಲ್ಲಿ ಗುಲ್ಫಶಾ. ಆಟ ಶುರುವಾಗಿ ಸ್ವಲ್ಪಕ್ಕೇ ಎದುರಿನವರು ಚೆಂಡು ತಂದರು. ಗುಲ್ಫಶಾ ಅಭ್ಯಾಸದಂತೆ ನಿಂತಳು, ಕಾದಳು. ಬೀಳುವ ಹೊತ್ತು ಬಂದಾಗ ನೆನಪಾಗಿ ಮೈ ಬಿಗಿಹಿಡಿದಳು. ಬೀಳಲೂ ಇಲ್ಲ, ಓಡಲೂ ಇಲ್ಲ. ಚೆಂಡು ಪಕ್ಕದಿಂದ ಹೋಗಿ ಗೋಲಾಯಿತು. ಎರಡನೆಯದೂ ಹಾಗೇ ಆಯಿತು. ಅತ್ತ ಮಹತಿ ಅಂಥ ದೊಡ್ಡದೇನೂ ಮಾಡದೆ, ಬಂದ ಚೆಂಡನ್ನೆಲ್ಲ ಅಚ್ಚುಕಟ್ಟಾಗಿ ತಡೆದು ದಾಟಿಸುತ್ತಿದ್ದಳು. ಮಾನ್ವಿ ಬಸ್ಸಿನ ಪುಣ್ಯ, ಅವಳು ವಿನೋದನ ಕಥೆಯನ್ನು ಒಂದು ದಿನವೂ ಪೂರ್ತಿ ಕೇಳಿರಲಿಲ್ಲ.

ಅರ್ಧ ಆಟ ಮುಗಿದಾಗ ನಿಂಗರಾಜ ಕಾಲೆಳೆಯುತ್ತ ಮಾಸ್ತರರ ಹತ್ತಿರ ಬಂದರು. “ನೀವು ಕಲಿಸಿದವರು, ನಿಮಗ ಗೊತ್ತಿರತೈತಿ. ಒಂದ ಮಾತು ಹೇಳ್ರಿ. ಬ್ಯಾರೇದವರ ಹೆಸರು ತಗೀಲಾರದ ಹೇಳ್ರಿ. ಈ ಹುಡುಗಿ ಹೆಂಗ ಆಡ್ತಾಳ?”

ಮಾಸ್ತರರು ಬಾಯಿ ತೆರೆದರು. ಏನೂ ಬರಲಿಲ್ಲ. ಎಡಗೈಯವಳೋ ಬಲಗೈಯವಳೋ ಎಂದು ಕೇಳಿದ್ದರೂ ಆ ಕ್ಷಣಕ್ಕೆ ಹೇಳಲಾಗುತ್ತಿರಲಿಲ್ಲ. ಒಂದು ವಾಕ್ಯ, ಅವಳದೇ ಆದ ಒಂದೇ ಒಂದು ವಾಕ್ಯ ಹೇಳಿದ್ದರೆ ಸೀಟು ಉಳಿಯುತ್ತಿತ್ತೇನೋ. ನಿಂಗರಾಜ ಕಾದು ನೋಡಿ, ತಲೆ ಅಲ್ಲಾಡಿಸಿ ಹೊರಟುಹೋದರು.

ಮಾಸ್ತರರು ಗೆರೆಯಂಚಿಗೆ ಹೋಗಿ ನಿಂತರು. ಇನ್ನೇನೂ ಮಾಡುವುದು ಉಳಿದಿರಲಿಲ್ಲ, ನೋಡುವುದೊಂದೇ ಉಳಿದಿತ್ತು. ನೋಡಿದರು. ಆಟದ ಮೂರನೆಯ ಕಾಲುಭಾಗವೂ ಹೀಗೇ ತಡವರಿಸುತ್ತ ಹೋಯಿತು. ನಾಲ್ಕನೆಯದರಲ್ಲಿ ಒಮ್ಮೆ ಎದುರಿನವಳು ಚೆಂಡನ್ನು ಇನ್ನೂ ಹೊಡೆದಿರಲಿಲ್ಲ, ಗುಲ್ಫಶಾ ಅದು ಬರುವ ಜಾಗಕ್ಕೆ ಆಗಲೇ ಹೊರಟಿದ್ದಳು. ಚೆಂಡು ಬಂತು, ಅವಳು ಅಲ್ಲಿದ್ದಳು, ತೆಗೆದುಕೊಂಡು ತಿರುಗಿದಳು. ಯಾರೂ ಬೀಳಲಿಲ್ಲ, ಧೂಳೂ ಏಳಲಿಲ್ಲ. ಮತ್ತೊಮ್ಮೆ ಅದೇ ಆಯಿತು. ಇನ್ನೊಮ್ಮೆ ಎದುರಿನವರು ಅವಳನ್ನು ನೋಡಿ ಚೆಂಡನ್ನೇ ಬೇರೆ ಕಡೆ ತಿರುಗಿಸಿದರು. ಚಹಾದಂಗಡಿಯವರು ಶಿಳ್ಳೆ ಹೊಡೆಯಲಿಲ್ಲ, ಯಾಕೆಂದರೆ ಅವರಿಗೆ ನೋಡಲಿಕ್ಕೆ ಏನೂ ಸಿಕ್ಕಿರಲಿಲ್ಲ.

ಮಾಸ್ತರರು ಚಟದಂತೆ ನೆನಪನ್ನೆಲ್ಲ ತಡಕಿದರು. ವಿನೋದ ಹೀಗೆ ಆಡುತ್ತಿರಲಿಲ್ಲ, ಅವನು ಚೆಂಡಿನ ಹಿಂದೆ ನುಗ್ಗುತ್ತಿದ್ದ. ಅವನಿಗಿಂತ ಹಿಂದಿನವರೂ ಹೀಗೆ ಆಡಿದವರಲ್ಲ. ಮನಸ್ಸಿನಲ್ಲಿ ಯಾರೂ ಎದ್ದು ಬರಲಿಲ್ಲ. ಮೈದಾನದಲ್ಲಿ ಒಬ್ಬ ಹುಡುಗಿ ಮಾತ್ರ ಇದ್ದಳು, ಬೆವೆತು ಕೆಂಪಾದ ಮುಖದವಳು, ಚೆಂಡು ಎತ್ತ ಹೋಗುತ್ತದೆಂದು ಎಲ್ಲರಿಗಿಂತ ಮೊದಲೇ ತಿಳಿಯುವವಳು. ಸಂತೋಷವೂ ಸಂಕಟವೂ ಒಟ್ಟಿಗೇ ನುಗ್ಗಿ ಬಂದು ಮಾಸ್ತರರು ನಿಂತಲ್ಲೇ ಅತ್ತರು. ಅಷ್ಟರಲ್ಲಿ ಕೊನೆಯ ಸೀಟಿ ಆಯಿತು.

ಸೀಟು ಮಹತಿಗೆ ಹೋಯಿತು.

ಮಾಸ್ತರರು ಓಡಿಹೋಗಿ ನಿಂಗರಾಜರ ಎರಡೂ ಕೈ ಹಿಡಿದುಕೊಂಡರು. “ಸರ್, ಕಡೀಗೆ ನೋಡಿದ್ರಲ್ರೀ! ಚೆಂಡು ಬರೋಕಿಂತ ಮೊದಲ ಆಕಿ ಅಲ್ಲಿ ಇರ್ತಾಳ್ರೀ. ಹೆಂಗ ಆಡ್ತಾಳ ಅಂತ ಕೇಳಿದ್ರಲ್ಲ, ಹಿಂಗ ಆಡ್ತಾಳ್ರೀ! ಇನ್ನೊಂದು ದಿನ ಕೊಡ್ರಿ ಸರ್. ಒಂದ ದಿನ. ನಿಮ್ಮ ಕಾಲಿಗೆ ಬೀಳ್ತೀನಿ.”

“ನೋಡೇನ್ರಿ. ಬಾಳ ಚಲೋ ಆಡಿದ್ಲು, ಕಡೀ ಹತ್ತು ನಿಮಿಷ” ಎಂದರು ನಿಂಗರಾಜ. ದನಿಯಲ್ಲಿ ಗಡಸಿರಲಿಲ್ಲ, ಮರುಕವಿತ್ತು. “ಮಾನ್ವಿ ಹುಡುಗಿ ಎರಡೂ ದಿನ ಆಡ್ಯಾಳ. ಹತ್ತು ನಿಮಿಷಕ್ಕ ಸೀಟು ಕೊಟ್ರ ಆಕಿಗೆ ಅನ್ಯಾಯ ಆಕ್ಕೈತಿ. ಈ ಆಟಾನ ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ರಿ ಮಾಸ್ತರ?”

ಮಾಸ್ತರರು ಕೈ ಬಿಟ್ಟರು.

ಗೋಲಿನ ಕಂಬದ ಹತ್ತಿರ ಗುಲ್ಫಶಾ ಬೂಟು ಬಿಚ್ಚುತ್ತ ಕೂತಿದ್ದಳು. ಸುದ್ದಿ ಅವಳಿಗೆ ಮುಟ್ಟಿತ್ತು. ಮಹತಿ ಬಂದು ಅಪ್ಪಿಕೊಂಡು, ಏನು ಹೇಳಬೇಕೋ ತಿಳಿಯದೆ ಎದ್ದುಹೋಗಿದ್ದಳು. ಮಾಸ್ತರರು ಹೋಗಿ ಮಣ್ಣಿನಲ್ಲೇ ಅವಳ ಪಕ್ಕ ಕೂತರು. ಹುಡುಗಿ ಅಳುತ್ತಿರಲಿಲ್ಲ.

“ಸರ್, ಕಡೀಗೆ ನಾ ಓಡಿದ್ನಲ್ರೀ, ಅದು ಹೆಂಗಿತ್ರೀ?” ಎಂದು ಕೇಳಿದಳು.

ಮಾಸ್ತರರು ಅವಳ ಮುಖವನ್ನೇ ನೋಡಿದರು. ಜೀವನದಲ್ಲಿ ಯಾವ ಆಟಗಾರನಿಗೂ ಕೊಡದ ಮಾತು ಎದೆಯಿಂದ ಎದ್ದು ಬಂತು. ಎಲ್ಲಿ ಕೆಡುತ್ತದೋ ಎಂದು ಒಂದೊಂದೇ ಶಬ್ದ ಜೋಪಾನವಾಗಿ ಹೇಳಿದರು.

“ನಿನ್ನಂಗ ಆಡಿದವರನ್ನ ನಾ ಒಬ್ಬರನ್ನೂ ನೋಡಿಲ್ಲವ್ವಾ. ನೀ ಯಾರಂಗೂ ಇಲ್ಲ.”

ಗುಲ್ಫಶಾಳ ಕೈ ಬೂಟಿನ ದಾರದ ಮೇಲೆಯೇ ನಿಂತಿತು. ಆವರೆಗೆ ತಡೆದಿದ್ದ ಅಳು ಒಮ್ಮೆಲೇ ಒಡೆಯಿತು.

“ಅದಕ್ಕ ತಗೊಳ್ಳಿಲ್ಲೇನ್ರೀ ಸರ್ ನನ್ನ? ಯಾರಂಗೂ ಇಲ್ಲಂತ?”